‘ಆಸಮ್’ ಪದದ ಅರ್ಥಪಲ್ಲಟ ಮತ್ತು ‘ಅದ್ಭುತ’ದ ಮಿತಿ

ಇಂಗ್ಲಿಷಿನ ‘ಆಸಮ್’ ಪದವನ್ನು ಇಂದಿನ ತರುಣರು ತಿಂಡಿಗೂ ಚಲನಚಿತ್ರಕ್ಕೂ ಬಳಸುವುದು ಅಪಪ್ರಯೋಗ, ಅದರ ‘ನಿಜಾರ್ಥ’ ಭಯಜನಕ ಎಂಬುದು ಮಾತ್ರ, ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ವ್ಯುತ್ಪತ್ತಿಯನ್ನೇ ಅರ್ಥವೆಂದು ಭ್ರಮಿಸುವ ಈ ವಾದ ತನ್ನದೇ ನೆಲೆಯಲ್ಲೂ ನಿಲ್ಲಲಾರದು.

ಪದದ ಪೂರ್ವಭಾಗವಾದ ‘ಆ’ ಪ್ರಾಚೀನ ನಾರ್ಸ್‌ನ ‘ಅಗಿ’ಯಿಂದ ಬಂದುದು, ಅದರ ಅರ್ಥ ಭಯ. ಇದಕ್ಕೆ ಸಜಾತಿಯಾದ ‘ಎಗೆ’ ಎಂಬ ದೇಶೀಯ ರೂಪ ಪ್ರಾಚೀನ ಇಂಗ್ಲಿಷಿನಲ್ಲಿದ್ದರೂ ಕೊನೆಗೆ ಉಳಿದದ್ದು ನಾರ್ಸ್ ರೂಪವೇ. ‘ಸಮ್’ ಎಂಬುದು ನಾಮಪದಕ್ಕೆ ಹತ್ತಿ ಗುಣವಾಚಕವನ್ನು ಸಾಧಿಸುವ ಹಳೆಯ ಪ್ರತ್ಯಯ. 16ನೆಯ ಶತಮಾನದ ಕೊನೆಯಲ್ಲಿ ಪದವು ಮೊದಲು ಕಾಣಿಸಿಕೊಂಡಾಗ ಸೂಚಿಸಿದ್ದು ಭಯಭಕ್ತಿಯುಳ್ಳವನನ್ನು. ಅದನ್ನು ಹುಟ್ಟಿಸುವ ವಸ್ತುವನ್ನಲ್ಲ. ಎರಡನೆಯ ಅರ್ಥ 17ನೆಯ ಶತಮಾನದ್ದು. ಎಂದರೆ, ಆಕ್ಷೇಪಕರು ಮೂಲವೆಂದು ಕಾಯುತ್ತಿರುವ ಅರ್ಥವೇ ಒಂದು ಪಲ್ಲಟದ ಫಲ! ‘ಅತ್ಯುತ್ತಮ’ವೆಂಬ ಆಡುಮಾತಿನ ಅರ್ಥ ಹರಡಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಇದೇ ಧಾತುವಿನ ‘ಆಫುಲ್’ ಮಾತ್ರ ವಿರುದ್ಧ ದಿಕ್ಕಿಗೆ ಸರಿದು ‘ತೀರಾ ಕೆಟ್ಟ’ ಎಂಬಲ್ಲಿಗೆ ಬಂದು ನಿಂತಿತು.

ಭಯವಾಚಕ ಮೆಚ್ಚುಗೆಗೆ ತಿರುಗುವುದು ಇಂಗ್ಲಿಷಿನ ವಿಕಾರವೇನೂ ಅಲ್ಲ. ‘ಭಯಂಕರ ಚೆನ್ನಾಗಿದೆ’ ಎನ್ನುವ ಕನ್ನಡಿಗನಿಗೆ ಅಲ್ಲಿ ಯಾವ ಭಯವೂ ಇಲ್ಲ. ಗಟ್ಟಿ, ಕಠಿಣ ಎಂಬರ್ಥದ ಪಾರಸಿ ‘ಸಖ್ತ್’ ಕನ್ನಡದಲ್ಲಿ ‘ಸಖತ್’ ಆಗಿ ಹೊಗಳಿಕೆಯ ಪದವಾಗಿದೆ. ಇವನ್ನು ದಿನವೂ ಆಡುತ್ತ ‘ಆಸಮ್’ ಒಂದನ್ನೇ ದೂಷಿಸುವುದು ಸೋಜಿಗ.

ನಿಜವಾದ ತೊಡಕು ಇರುವುದು ಅನುವಾದದಲ್ಲಿ. ‘ಅದ್ಭುತ’ವೆಂದು ಬರೆದು ಮುಂದೆ ಸಾಗುವುದು ರೂಢಿ. ಆದರೆ ನಾಟ್ಯಶಾಸ್ತ್ರವು ಅದ್ಭುತ, ಭಯಾನಕಗಳನ್ನು ಬೇರೆಬೇರೆ ರಸಗಳಾಗಿ ಎಣಿಸಿ, ಮೊದಲನೆಯದಕ್ಕೆ ವಿಸ್ಮಯವನ್ನೂ ಎರಡನೆಯದಕ್ಕೆ ಭಯವನ್ನೂ ಸ್ಥಾಯಿಭಾವವಾಗಿ ಹೇಳುತ್ತದೆ. ‘ಆಸಮ್’ನ ಹಳೆಯ ಅರ್ಥದಲ್ಲಿ ಇವೆರಡೂ ಬೆರೆತಿವೆ. ಭಗವದ್ಗೀತೆಯ 11ನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನ ಏಕಕಾಲಕ್ಕೆ ಹರ್ಷಿಸುತ್ತಾನೆ, ನಡುಗುತ್ತಾನೆ. ಆ ಸ್ಥಿತಿಗೆ ‘ಅದ್ಭುತ’ವೊಂದೇ ಸಾಲದು. ನಮ್ಮ ಆಡುಮಾತಿನ ‘ಭಯಭಕ್ತಿ’ ಎಂಬ ಜೋಡುನುಡಿ ಇದಕ್ಕೆ ಹೆಚ್ಚು ಹತ್ತಿರ. ಧಾರ್ಮಿಕ ಗದ್ಯದ ಅನುವಾದಕ್ಕೆ ‘ಭಯಭಕ್ತಿ ಹುಟ್ಟಿಸುವ’ ಎಂಬುದನ್ನೂ ಇಂದಿನ ಸಂಭಾಷಣೆಗೆ ‘ಸಖತ್’ ಎಂಬುದನ್ನೂ ನಿಘಂಟುಕಾರರು ಪ್ರತ್ಯೇಕವಾಗಿ, ಬಳಕೆಯ ಸಂದರ್ಭದ ಸೂಚನೆಯೊಡನೆ ನಮೂದಿಸಬೇಕು. ‘ಸಖತ್’ ಶಿಷ್ಟವಲ್ಲವೆಂಬ ಅಳುಕು ಇಲ್ಲಿ ಅನಗತ್ಯ. ಅನುವಾದಿಸಬೇಕಾದ ಪದವೂ ಆ ಅರ್ಥದಲ್ಲಿ ಶಿಷ್ಟವಲ್ಲ.