ಒಂದು ತಪ್ಪೊಪ್ಪಿಗೆಯ ಗದ್ಯ

ಮರಣದಂಡನೆಯ ಪರವಾಗಿ, ವಿರುದ್ಧವಾಗಿ ಹುಟ್ಟಿಕೊಂಡ ಬರೆಹಗಳಿಗೆ 1950ರ ದಶಕ ಸುಗ್ಗಿಯ ಕಾಲ. 1956ರಲ್ಲಿ ಆರ್ಥರ್ ಕೆಸ್ಲರ್ ಗಲ್ಲಿನ ವಿಷಯವಾಗಿ ಒಂದು ಪುಸ್ತಕ ಬರೆದ. ಮರುವರ್ಷ ಆಲ್ಬೆರ್ ಕಾಮು ಗಿಲೊಟೀನಿನ ವಿಷಯವಾಗಿ ದೀರ್ಘ ಪ್ರಬಂಧವೊಂದನ್ನು ಬರೆದ. ಕೆಸ್ಲರ್ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋನ ಸೆರೆಮನೆಯಲ್ಲಿ ತನ್ನ ಸರದಿ ಎಂದು ಬರುವುದೋ ಎಂದು ಕಾದು ಕುಳಿತಿದ್ದವನು. ಕಾಮುವಿನ ತಂದೆ ಶಿರಚ್ಛೇದವೊಂದನ್ನು ನೋಡಲು ಹೋಗಿ ಮನೆಗೆ ಬಂದು ವಾಂತಿ ಮಾಡಿಕೊಂಡವನು. ಇಬ್ಬರ ಮಾತಿಗೂ ಅನುಭವದ ತೂಕವಿದೆ, ಬುದ್ಧಿಯ ಹರಿತವಿದೆ. ಆದರೂ ಈ ವಾದವಿವಾದದಲ್ಲಿ ಯಾವ ಪುಸ್ತಕವನ್ನು ಮೊದಲು ಓದಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ, ಈ ಎರಡನ್ನೂ ಬದಿಗಿಟ್ಟು ನಾನು 1961ರಲ್ಲಿ ಲೂಡೊವಿಕ್ ಕೆನಡಿ ಬರೆದ ‘ಟೆನ್ ರಿಲಿಂಗ್ಟನ್ ಪ್ಲೇಸ್’ ಎಂಬ ಪುಸ್ತಕವನ್ನು ಸೂಚಿಸುತ್ತೇನೆ. ಅದರಲ್ಲಿ ತತ್ತ್ವವಿಚಾರ ಕಡಿಮೆ. ಒಂದು ಮನೆಯ ಕಥೆಯಿದೆ, ಓದುಬರೆಹ ಬಾರದ ಒಬ್ಬನ ಕಥೆಯಿದೆ, ಅವನು ರುಜು ಹಾಕಿದ ಕೆಲವು ಕಾಗದಗಳ ಕಥೆಯಿದೆ.

ಕಥೆಯ ಎಲುಬು ಇಷ್ಟು. ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದ ಈ ಮನೆಯ ಮೇಲಂತಸ್ತಿನಲ್ಲಿ ಟಿಮತಿ ಇವಾನ್ಸ್ ಎಂಬ ವ್ಯಾನ್ ಚಾಲಕ ಹೆಂಡತಿ ಮಗುವಿನೊಡನೆ ವಾಸವಾಗಿದ್ದ. ವೇಲ್ಸ್ ಸೀಮೆಯವನು. ಚಿಕ್ಕಂದಿನಲ್ಲಿ ಕಾಲಿನ ಕಾಯಿಲೆಯಿಂದ ಶಾಲೆ ತಪ್ಪಿ ಅಕ್ಷರ ಹತ್ತಿರಲಿಲ್ಲ. ತನ್ನ ಬಗ್ಗೆ ಸುಳ್ಳು ಬುರುಡೆ ಬಿಡುವುದೆಂದರೆ ಬಲು ಪ್ರೀತಿ. 1949ರ ನವೆಂಬರ್ 30ರಂದು ಅವನು ಮರ್ಥರ್ ಟಿಡ್‌ಫಿಲ್ ಊರಿನ ಪೋಲೀಸರೆದುರು ಹೋಗಿ ನಿಂತು, ಹೆಂಡತಿ ಸತ್ತಳು, ಹೆಣವನ್ನು ಮೋರಿಗೆ ಹಾಕಿದೆ ಎಂದ. ಲಂಡನ್ನಿನಲ್ಲಿ ಆ ಮೋರಿಯ ಮುಚ್ಚಳ ಎತ್ತಲು ಮೂರು ಜನ ಪೋಲೀಸರು ಬೇಕಾಯಿತು. ಒಳಗೆ ಏನೂ ಇರಲಿಲ್ಲ. ಆಗ ಅವನು ಮಾತು ಬದಲಿಸಿದ: ಕೆಳಮನೆಯ ಕ್ರಿಸ್ಟಿ ಗರ್ಭ ತೆಗೆಯುತ್ತೇನೆಂದು ಹೋಗಿ ಅವಳ ಪ್ರಾಣ ತೆಗೆದ ಎಂದ. ಡಿಸೆಂಬರ್ 2ರಂದು ಹಿತ್ತಿಲ ಬಟ್ಟೆ ಒಗೆಯುವ ಕೊಠಡಿಯಲ್ಲಿ ತಾಯಿ ಮಗು ಇಬ್ಬರ ಹೆಣವೂ ಸಿಕ್ಕಿದವು. ಅದೇ ರಾತ್ರಿ ನಾಟಿಂಗ್ ಹಿಲ್ ಠಾಣೆಯಲ್ಲಿ ಅವನು ಇಬ್ಬರನ್ನೂ ತಾನೇ ಕೊಂದೆನೆಂಬ ಹೇಳಿಕೆಗಳಿಗೆ ರುಜು ಹಾಕಿದ. ವಿಚಾರಣೆ ನಡೆದದ್ದು ಮೂರು ದಿನ, ಪಂಚರು ಕೂಡಿ ಆಲೋಚಿಸಿದ್ದು ನಲವತ್ತು ನಿಮಿಷ. ಸರ್ಕಾರದ ಕಡೆಯ ಮುಖ್ಯ ಸಾಕ್ಷಿ ಅದೇ ಕ್ರಿಸ್ಟಿ. 1950ರ ಮಾರ್ಚ್ 9ರಂದು ಇಪ್ಪತ್ತೈದು ವಯಸ್ಸಿನ ಇವಾನ್ಸನನ್ನು, ಮಗುವನ್ನು ಕೊಂದ ಅಪರಾಧಕ್ಕಾಗಿ, ಗಲ್ಲಿಗೇರಿಸಿದರು.

ಮೂರು ವರ್ಷದ ಬಳಿಕ, 1953ರ ಮಾರ್ಚಿಯಲ್ಲಿ, ಅದೇ ಮನೆಯ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಮೂವರು ಹೆಂಗಸರ ಹೆಣ ಸಿಕ್ಕಿತು. ನೆಲದ ಹಲಗೆಗಳಡಿಯಲ್ಲಿ ಕ್ರಿಸ್ಟಿಯ ಹೆಂಡತಿ. ಹಿತ್ತಿಲಿನಲ್ಲಿ ಇನ್ನಿಬ್ಬರ ಮೂಳೆ. ಇವರು ಸತ್ತು ಆಗಲೇ ಸುಮಾರು ಹತ್ತು ವರ್ಷ. ಅವರಲ್ಲೊಬ್ಬಳ ತೊಡೆಯ ಮೂಳೆ ಹಿತ್ತಿಲ ಬೇಲಿಗೆ ಊರುಗೋಲಾಗಿ ನಿಂತಿತ್ತು. 1949ರಲ್ಲಿ ಇವಾನ್ಸನ ಹೆಂಡತಿಯನ್ನು ಹುಡುಕಿದ ಪೋಲೀಸರು ಓಡಾಡಿದ ಹಿತ್ತಿಲೂ ಅದೇ. ಇವಾನ್ಸ್ ಸತ್ತ ಮೇಲೆ ಕ್ರಿಸ್ಟಿಯ ಕೈಯಲ್ಲಿ ಸತ್ತವರು ನಾಲ್ವರು. ಕ್ರಿಸ್ಟಿ ಇವಾನ್ಸನ ಹೆಂಡತಿಯನ್ನು ಕೊಂದದ್ದು ತಾನೇ ಎಂದು ಹೇಳಿ, ಜುಲೈ 15ರಂದು ಅದೇ ಪೆಂಟನ್‌ವಿಲ್ ಸೆರೆಮನೆಯಲ್ಲಿ ಗಲ್ಲಿಗೇರಿದ.

ಇಂಥ ವಸ್ತು ಕೈಗೆ ಸಿಕ್ಕಿದರೆ ಪತ್ತೇದಾರಿ ಕಾದಂಬರಿಕಾರ ಕೊಲೆಗಾರನ ಹೆಸರನ್ನು ಕೊನೆಯ ಪುಟದವರೆಗೆ ಗುಟ್ಟಾಗಿಡುತ್ತಾನೆ. ಕೆನಡಿ ಹಾಗೆ ಮಾಡುವುದಿಲ್ಲ. ಕ್ರಿಸ್ಟಿ ಎಂಥವನೆಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ನ್ಯಾಯಾಲಯದಲ್ಲಿ ಆ ಬೋಳುತಲೆಯ, ಮೆಲುದನಿಯ ಮನುಷ್ಯ ಸಾಕ್ಷಿ ಹೇಳಲು ನಿಂತಾಗ, ಯುದ್ಧಕಾಲದಲ್ಲಿ ಅವನು ಪೋಲೀಸು ಕೆಲಸ ಮಾಡಿದ್ದನೆಂಬುದಕ್ಕೆ ಮರ್ಯಾದೆ ಸಲ್ಲುವಾಗ, ಓದುವ ನಮ್ಮ ಎದೆ ಹಿಡಿದುಕೊಳ್ಳುತ್ತದೆ. ಸರ್ಕಾರದ ಪರ ವಾದಿಸಿದ ಕ್ರಿಸ್ಮಸ್ ಹಂಫ್ರೀಸ್, ಲಂಡನ್ನಿನಲ್ಲಿ ಬೌದ್ಧ ಸಂಘವನ್ನು ಸ್ಥಾಪಿಸಿದವನು, ಬೌದ್ಧಮತದ ಮೇಲೆ ಒಳ್ಳೆಯ ಪುಸ್ತಕಗಳನ್ನು ಬರೆದವನು. ಕರುಣೆಯ ಗ್ರಂಥಗಳೂ ಆ ಕೈಯಿಂದಲೇ ಬಂದವೆಂಬುದು ನೆನಪಾದಾಗಲೆಲ್ಲ ನನಗೆ ಏನೋ ಒಂದು ಬಗೆಯ ಇರಿಸುಮುರಿಸು.

ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದು ಬೇರೆ ಕಡೆ: ಕೆನಡಿ ಆ ತಪ್ಪೊಪ್ಪಿಗೆಯನ್ನು ಗದ್ಯವೆಂದು ಪರೀಕ್ಷಿಸುವಲ್ಲಿ. ಹೇಳಿಕೆಯಲ್ಲಿ, ಹೆಂಡತಿ ಒಂದರ ಮೇಲೊಂದು ಸಾಲ ತಲೆಗೆ ತಂದುಕೊಳ್ಳುತ್ತಿದ್ದಳು, ಸಹಿಸಲಾರದೆ ಕೊಂದೆ ಎಂಬ ಅರ್ಥದ ಮಾತಿದೆ. ಸಾಲಕ್ಕೆ ಅಲ್ಲಿ ಬಳಸಿದ ಇಂಗ್ಲಿಷ್ ಕ್ರಿಯಾಪದ ಕಚೇರಿಯದು, ವಕೀಲರ ಕಾಗದದ್ದು. ನಮ್ಮಲ್ಲಿ ಲಾರಿ ಓಡಿಸುವವನೊಬ್ಬ ‘ಸಾಲ ಮಾಡ್ತಿದ್ಲು’ ಎನ್ನುವ ಬದಲು ‘ಋಣಭಾರಕ್ಕೊಳಗಾಗುತ್ತಿದ್ದಳು’ ಎಂದನೆಂದು ಯಾರಾದರೂ ಬರೆದುಕೊಟ್ಟರೆ ನಾವು ನಂಬುತ್ತೇವೆಯೇ? ಇವಾನ್ಸ್ ನ್ಯಾಯಾಲಯದಲ್ಲಿ ಹೇಳಿದ್ದು, ಮಗು ಸತ್ತ ಸುದ್ದಿ ತನಗೆ ಠಾಣೆಯಲ್ಲೇ ಮೊದಲು ತಿಳಿಯಿತು, ಬದುಕಿ ಫಲವಿಲ್ಲವೆನಿಸಿತು, ಪೋಲೀಸರು ಹೊಡೆದಾರೆಂಬ ಹೆದರಿಕೆಯೂ ಇತ್ತು ಎಂದು. ಹಾಗಾದರೆ ಆ ಕಾಗದದಲ್ಲಿ ಮಾತಾಡುತ್ತಿರುವವರು ಯಾರು?

ಈ ಪ್ರಶ್ನೆಯನ್ನು ಮುಂದಕ್ಕೊಯ್ದವನು ಯಾನ್ ಸ್ವಾರ್ಟ್‌ವಿಕ್ ಎಂಬ ಸ್ವೀಡನ್ನಿನ ಭಾಷಾವಿದ್ವಾಂಸ. 1968ರಲ್ಲಿ ಅವನು ಇವಾನ್ಸನ ಹೇಳಿಕೆಗಳನ್ನೇ ವಸ್ತುವಾಗಿಟ್ಟುಕೊಂಡು ಒಂದು ಚಿಕ್ಕ ಹೊತ್ತಗೆ ಬರೆದ. ಉಪವಾಕ್ಯಗಳು ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಳ್ಳುತ್ತವೆ ಎಂಬುದನ್ನು ವರ್ಗ ಮಾಡಿ ಎಣಿಸಿದ. ಕೊಲೆಯ ಹೊರೆ ಹೊರಿಸುವ ಭಾಗದ ವ್ಯಾಕರಣ ಒಂದು ದಾರಿ, ಉಳಿದ ಭಾಗದ ವ್ಯಾಕರಣ ಇನ್ನೊಂದು ದಾರಿ ಹಿಡಿದಿರುವುದು ಅವನಿಗೆ ಕಂಡಿತು. ಸಾಮಗ್ರಿ ಕಡಿಮೆ, ಇದರಿಂದ ತೀರ್ಪು ಕೊಡಲಾಗದು ಎಂದು ಅವನೇ ಎಚ್ಚರದ ಮಾತು ಹೇಳುತ್ತಾನೆ. ನ್ಯಾಯಾಲಯಕ್ಕೆ ನೆರವಾಗುವ ಭಾಷಾವಿಜ್ಞಾನವೆಂಬ ಶಾಸ್ತ್ರಕ್ಕೆ ಇಂಗ್ಲಿಷಿನ ಹೆಸರು ಬಂದದ್ದು ಈ ಹೊತ್ತಗೆಯಿಂದ. ಶೈಲಿಯ ವಿಚಾರವೆಂದರೆ ಬಿಡುವಿದ್ದವರ ಚಪಲವೆಂದು ತಿಳಿದವರು ಇದನ್ನೊಮ್ಮೆ ನೋಡಬೇಕು.

ಕೆನಡಿಯ ಪುಸ್ತಕದಲ್ಲಿ ದೋಷವಿಲ್ಲವೆಂದಲ್ಲ. ಅವನು ವಕೀಲನಂತೆ ಬರೆಯುತ್ತಾನೆ. ಕ್ರಿಸ್ಟಿಯ ಮಾತು ಇವಾನ್ಸನಿಗೆ ಅನುಕೂಲವಾದಾಗ ಸತ್ಯ, ಪ್ರತಿಕೂಲವಾದಾಗ ಸುಳ್ಳು. ಹೆಂಗಸರನ್ನು ಕತ್ತು ಹಿಸುಕಿ ಕೊಲ್ಲುವ ಇಬ್ಬರು, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದೆ, ಒಂದೇ ಮನೆಯಲ್ಲಿ ಇದ್ದರೆಂದು ನಂಬಬೇಕೆ ಎಂಬ ಅವನ ವಾದ ಬಲವಾದದ್ದೇ. ಆದರೆ ಇವಾನ್ಸನ ಹೆಂಡತಿ ಸತ್ತ ದಿನವನ್ನು ಕಣ್ಣಾರೆ ಕಂಡವನಂತೆ ಅವನು ಕಟ್ಟಿ ನಿಲ್ಲಿಸುವಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಸತ್ತವರ ಬಾಯಲ್ಲಿ ತಮ್ಮ ಮಾತು ತುರುಕಿದರೆಂದು ಪೋಲೀಸರನ್ನು ಹಿಡಿದು ಕೇಳುವವನು ತಾನೂ ಅಲ್ಲಿ ಕೈ ಬಿಗಿಹಿಡಿಯಬೇಕಿತ್ತು.

ಪುಸ್ತಕ ಕೆಲಸ ಮಾಡಿತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. 1948ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸರ್ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್, ನಿರಪರಾಧಿಯನ್ನು ಗಲ್ಲಿಗೇರಿಸುವ ಸಂಭವವಿದೆಯೆಂಬುದು ಕಲ್ಪನಾಲೋಕದ ಮಾತು ಎಂದಿದ್ದ. 1953ರಲ್ಲಿ ಅವನೇ ಗೃಹಮಂತ್ರಿಯಾಗಿದ್ದಾಗ ನಡೆದ ಆತುರದ ವಿಚಾರಣೆ ಇಬ್ಬರನ್ನೂ ಕೊಂದವನು ಇವಾನ್ಸನೇ ಎಂದು ಹೇಳಿತು. 1950ರಲ್ಲಿ ಗೃಹಮಂತ್ರಿಯಾಗಿದ್ದು ಇವಾನ್ಸನಿಗೆ ಕ್ಷಮೆ ಕೊಡದ ಚೂಟರ್ ಈಡ್ ಆ ಬಳಿಕ ಮರಣದಂಡನೆಯ ವಿರೋಧಿಯಾದ. 1965ರಲ್ಲಿ ಕೊಲೆಗೆ ಗಲ್ಲಿನ ಶಿಕ್ಷೆಯನ್ನು ಐದು ವರ್ಷಕ್ಕೆ ನಿಲ್ಲಿಸಿದರು, 1969ರಲ್ಲಿ ಅದನ್ನು ಶಾಶ್ವತ ಮಾಡಿದರು. 1966ರಲ್ಲಿ ನ್ಯಾಯಮೂರ್ತಿ ಬ್ರೇಬಿನ್ ಕೊಟ್ಟ ವರದಿ ವಿಚಿತ್ರವಾದದ್ದು: ಹೆಂಡತಿಯನ್ನು ಇವಾನ್ಸ್ ಕೊಂದಿರುವುದೇ ಹೆಚ್ಚು ಸಂಭವ, ಮಗುವನ್ನು ಮಾತ್ರ ಕೊಂದಿರಲಾರ! ಗಲ್ಲಾದದ್ದು ಮಗುವಿನ ಕೊಲೆಗೆ. ಆದ್ದರಿಂದ ರಾಣಿಯ ಕ್ಷಮೆ ದೊರೆಯಿತು. ಕೊನೆಗೆ 2004ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯ ಅವನು ಇಬ್ಬರನ್ನೂ ಕೊಂದವನಲ್ಲ ಎಂದು ಒಪ್ಪಿತು. ಶಿಕ್ಷೆಯ ತೀರ್ಪನ್ನು ರದ್ದು ಮಾಡುವ ದಾರಿಯನ್ನು ಮಾತ್ರ, ಖರ್ಚು ಹೆಚ್ಚೆಂದು, ತೆರೆಯಲಿಲ್ಲ.

ಇದು ಪರದೇಶದ ಕಥೆ, ನಮಗೇಕೆ ಎನ್ನುವ ವಾಚಕರಿರಬಹುದು. ಸಂಬಂಧವಿದೆ. ಠಾಣೆಯಲ್ಲಿ ಪೋಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಹಿಡಿಯಕೂಡದೆಂದು ನಮ್ಮ 1872ರ ಸಾಕ್ಷ್ಯ ಕಾಯಿದೆಯಲ್ಲಿ ಬರೆದವರು ಆಂಗ್ಲರೇ. ಇಲ್ಲಿಯ ಪೋಲೀಸರನ್ನು ನಂಬದ ಅವರು ತಮ್ಮ ಮನೆಯವರನ್ನು ನಂಬಿದರು. ಇವಾನ್ಸನನ್ನು ಆ ನಂಬಿಕೆಯೇ ಕೊಂದಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯಿದೆಯಲ್ಲೂ ಆ ನಿಷೇಧ ಇದೆ. ಆದರೂ ತಪ್ಪು ನಿಲ್ಲಲಿಲ್ಲ. 2009ರಲ್ಲಿ ಮಹಾರಾಷ್ಟ್ರದ ಆರು ಮಂದಿಗೆ ಸುಪ್ರೀಂ ಕೋರ್ಟು ಮರಣದಂಡನೆ ವಿಧಿಸಿತು. 2019ರಲ್ಲಿ ಅದೇ ಕೋರ್ಟು ಅವರು ನಿರ್ದೋಷಿಗಳೆಂದು ಬಿಟ್ಟಿತು. ಆ ಹತ್ತು ವರ್ಷದಲ್ಲಿ ಗಲ್ಲು ನಡೆದುಹೋಗಿದ್ದರೆ ಬಿಡುವುದಕ್ಕೆ ಯಾರೂ ಇರುತ್ತಿರಲಿಲ್ಲ.

ನಿಷೇಧಕ್ಕೆ ಒಂದು ಕಿಂಡಿಯೂ ಇದೆ. ಹೇಳಿಕೆಯಿಂದ ಏನಾದರೂ ವಸ್ತು ಪತ್ತೆಯಾದರೆ, ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಆದ್ದರಿಂದ ನಮ್ಮ ಕೋರ್ಟು ಕಡತಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಗದ್ಯಪ್ರಕಾರವೊಂದು ಬೆಳೆದಿದೆ. ವಕೀಲ ಮಿತ್ರರ ಕೃಪೆಯಿಂದ ನಾನು ಕೆಲವನ್ನು ಓದಿದ್ದೇನೆ. ಬೀದರಿನ ಕೂಲಿಯಾಗಲಿ, ಮಂಡ್ಯದ ರೈತನಾಗಲಿ, ಕರಾವಳಿಯ ಮೀನುಗಾರನಾಗಲಿ, ಎಲ್ಲರೂ ಅಲ್ಲಿ ಒಂದೇ ಕನ್ನಡ ಮಾತಾಡುತ್ತಾರೆ. ‘ಸದರಿ’ ಇಲ್ಲದೆ ಒಬ್ಬನಿಗೂ ವಾಕ್ಯ ಹೊರಡುವುದಿಲ್ಲ. ಕೊನೆಗೆ, ತಾವು ನನ್ನೊಂದಿಗೆ ಬಂದಲ್ಲಿ ಸ್ಥಳವನ್ನು ತೋರಿಸಿಕೊಡುತ್ತೇನೆ ಎಂಬ ಅರ್ಥದ ಮಾತು ಬಂದೇ ಬರುತ್ತದೆ. ಅದರ ಕೆಳಗೆ ರುಜು. ರುಜು ಬಾರದವನಾದರೆ ಎಡಗೈ ಹೆಬ್ಬೆಟ್ಟು.