ಕಾರ್ ಶೆಡ್ಡಿನ ಸಂಗೀತ

ಚಾಮರಾಜಪೇಟೆಯಲ್ಲಿ ನಮ್ಮದು ವಠಾರದ ಮನೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಮಗೆ ಸೀನು ಬರುತ್ತಿತ್ತು. ಅಂಥ ಕಡೆ ನಾನು ವೀಣೆ ಕಲಿತೆ. ಅಪಸ್ವರ ಬಂದರೆ ಮೇಷ್ಟ್ರಿಗಿಂತ ಮೊದಲು ಹಿಂದಿನ ಮನೆಯ ಅಜ್ಜಿ, "ಏನೇ ಅದು, ಗಾಂಧಾರ ಎಲ್ಲಿ ಹೋಯ್ತೇ?" ಎಂದು ಕೂಗುತ್ತಿದ್ದರು. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಪಳಗಿದ ಕಿವಿಗಳು ಅವು. ನನ್ನಂಥವಳ ತಪ್ಪನ್ನು ಬಿಟ್ಟಾವೆಯೇ?

ನನ್ನ ತಮ್ಮನದು ಬೇರೆ ಕಥೆ. ಮಲ್ಲೇಶ್ವರದಲ್ಲಿ ಅವನ ಸ್ನೇಹಿತನ ಮನೆಯವರು ಕಾರು ಮಾರಿದ್ದರು, ಶೆಡ್ಡು ಉಳಿದಿತ್ತು. ನಾಲ್ಕು ಹುಡುಗರು ಅದರೊಳಗೆ ಸೇರಿ, ಬಾಗಿಲು ಹಾಕಿಕೊಂಡು, ಎರಡು ಗಿಟಾರು ಮತ್ತು ಒಂದು ಬಿಸ್ಕತ್ತಿನ ಡಬ್ಬಿ ಬಾರಿಸುತ್ತಿದ್ದರು. ಒಮ್ಮೆ ಹುಳಿಯನ್ನದ ಡಬ್ಬಿ ಕೊಡಲು ಹೋಗಿ ಕೇಳಿದೆ. ಘೋರವಾಗಿತ್ತು. ಅವರ ಮುಖದಲ್ಲಿ ಮಾತ್ರ ಎಂಥ ಖುಷಿ! ಅಪ್ಪ, "ಗಂಡುಹುಡುಗರು, ನಾಲ್ಕು ದಿನ ಕುಣೀಲಿ ಬಿಡು" ಎಂದರು.

ಅಮೆರಿಕದಲ್ಲಿ ಇಂಥ ಸಂಗೀತಕ್ಕೆ ಗ್ಯಾರೇಜ್ ರಾಕ್ ಎಂದೇ ಹೆಸರು ಎಂಬುದು ನನಗೆ ಗೊತ್ತಾದದ್ದು ಈಚೆಗೆ, ತಮ್ಮನ ಮಗನಿಂದ. 'ನಗೆಟ್ಸ್' ಎಂಬ ಸಂಗ್ರಹವನ್ನು ಅವನು ನನ್ನ ಫೋನಿಗೆ ಹಾಕಿಕೊಟ್ಟ. ಲೆನ್ನಿ ಕೇ ಎಂಬಾತ 1972ರಲ್ಲಿ ಆರಿಸಿ ಹೊರತಂದ 27 ಹಾಡುಗಳು ಅದರಲ್ಲಿವೆ. ಎಲ್ಲವನ್ನೂ ಕೇಳಿದೆ. ಅರ್ಧಕ್ಕರ್ಧ ಹಾಡುಗಳು ಒಂದೇ ಅಕ್ಕಿಯ ಅನ್ನ. ಉಳಿದವುಗಳಲ್ಲಿ ಏನೋ ಒಂದು ಆತುರವಿದೆ, ರೈಲು ತಪ್ಪೀತೆಂದು ಓಡುವವರ ಉಸಿರಿನಂತೆ.

ಅದರ ಬೇರು ಕಪ್ಪು ಜನರ ರಿದಂ ಅಂಡ್ ಬ್ಲೂಸ್‌ನಲ್ಲಿದೆ. ರಿಚರ್ಡ್ ಬೆರಿ ಎಂಬ ಕಪ್ಪು ಗಾಯಕ 1957ರಲ್ಲಿ 'ಲೂಯಿ ಲೂಯಿ' ಹಾಡಿದ. ಅದನ್ನೇ ಪೋರ್ಟ್‌ಲ್ಯಾಂಡಿನ ಬಿಳಿ ಹುಡುಗರಾದ ಕಿಂಗ್ಸ್‌ಮೆನ್ 1963ರಲ್ಲಿ ರೆಕಾರ್ಡು ಮಾಡಿದರು. ಹಾಡುಗಾರ ಒಂದು ಕಡೆ ತಾಳಕ್ಕೆ ಮುಂಚೆ ಶುರುಮಾಡಿ, ತಪ್ಪು ತಿಳಿದು ನಿಲ್ಲಿಸುತ್ತಾನೆ. ತಪ್ಪು ಸಮೇತ ರೆಕಾರ್ಡು ಮಾರಾಟಕ್ಕೆ ಬಂತು. ಸಾಹಿತ್ಯ ಅಶ್ಲೀಲ ಎಂದು ದೂರು ಹೋಗಿ ಎಫ್‌ಬಿಐಯವರು ತನಿಖೆ ಮಾಡಿದರೂ ಒಂದು ಪದವೂ ಸ್ಪಷ್ಟವಾಗಲಿಲ್ಲವಂತೆ. (ನಮ್ಮ ಕೆಲವು ವಿದ್ವಾಂಸರ ಸಾಹಿತ್ಯ ಅವರ ಕೈಗೆ ಸಿಕ್ಕಿದ್ದರೆ!) 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಟಿ.ವಿ.ಯಲ್ಲಿ ಹಾಡಿದ ಮೇಲಂತೂ ಊರೂರಿನ ಹುಡುಗರು ಗಿಟಾರು ಹಿಡಿದರು.

ನಮ್ಮೂರಿಗೂ ಅದು ಬರದೆ ಇರಲಿಲ್ಲ. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಹದಿಹರೆಯದಲ್ಲಿ ರೇಡಿಯೋ ಸಿಲೋನ್ ಕೇಳಿ ಕೇಳಿ, ಸ್ನೇಹಿತರೊಂದಿಗೆ ಟ್ರೋಜನ್ಸ್ ಎಂಬ ತಂಡ ಕಟ್ಟಿದರು. ಸಿಟಿಯೂ ದಂಡೂ 1949ರಲ್ಲೇ ಒಂದು ಕಾರ್ಪೊರೇಷನ್ ಆಗಿದ್ದರೂ ನಮ್ಮ ಪಾಲಿಗೆ ಅದೆಲ್ಲ ದಂಡಿನ ಕಡೆಯ ಸಮಾಚಾರ. ತಮ್ಮನ ಬಾಯಿಂದ ಕೇಳಿದ್ದಷ್ಟೇ. ಬಿದ್ದು 1967ರಲ್ಲಿ ಇಂಗ್ಲೆಂಡಿಗೆ ಹೋದರು. 1974ರ 'ಕುಂಗ್ ಫೂ ಫೈಟಿಂಗ್', 1980ರ 'ಕುರ್ಬಾನಿ'ಯ ಆ ಒಂದು ಹಾಡು, 1995ರ 'ಮೇಡ್ ಇನ್ ಇಂಡಿಯಾ' ಎಲ್ಲ ಅವರದೇ. ಕೇಳಲು ಚೆಂದ, ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಯ ಚೆಂದ. ಶೆಡ್ಡಿನ ಧೂಳು ಅದರಲ್ಲಿಲ್ಲ.

ಈ ಸಂಗೀತವನ್ನು ಮೆಚ್ಚುವವರು, "ಯಾರು ಬೇಕಾದರೂ ನುಡಿಸಬಹುದಿತ್ತು" ಎನ್ನುತ್ತಾರೆ. ಅಲ್ಲೇ ನನ್ನ ತಕರಾರು. ಶೆಡ್ಡಿನ ಬಾಗಿಲು ಯಾರಿಗೆ ತೆರೆದಿತ್ತು? 'ನಗೆಟ್ಸ್'ನ ಹಾಡುಗಾರರಲ್ಲಿ ಬಹುತೇಕರು ಗಂಡುಹುಡುಗರೇ. ಹುಡುಗಿಯರು ಇರಲೇ ಇಲ್ಲ ಎಂದಲ್ಲ. 1964ರಲ್ಲಿ ಡೆಟ್ರಾಯ್ಟಿನಲ್ಲಿ ಸೂಜಿ ಕ್ವಾಟ್ರೊ ತನ್ನ ಅಕ್ಕನ ಜೊತೆ ಪ್ಲೆಷರ್ ಸೀಕರ್ಸ್ ತಂಡದಲ್ಲಿದ್ದಳು, ಆಗವಳಿಗೆ 14 ವರ್ಷ. ಆ ಹುಡುಗಿಯರ ಹಾಡು ಹುಡುಗರದಕ್ಕಿಂತ ಒಂದು ಕೈ ಮೇಲು.

ನನ್ನನ್ನು ಕಾಡಿದ್ದು ಮಾತ್ರ ಶ್ಯಾಗ್ಸ್. ನ್ಯೂ ಹ್ಯಾಂಪ್‌ಶೈರಿನ ಫ್ರೀಮಾಂಟ್ ಎಂಬ ಸಣ್ಣ ಊರಿನ ಅಕ್ಕತಂಗಿಯರು ಅವರು. ಅವರ ಅಪ್ಪ ಆಸ್ಟಿನ್ ವಿಗ್ಗಿನ್‌ಗೆ ಅವನ ತಾಯಿ ಕೈ ನೋಡಿ, "ನಿನ್ನ ಹೆಣ್ಣುಮಕ್ಕಳು ಹಾಡಿ ಹೆಸರು ಮಾಡುತ್ತಾರೆ" ಎಂದು ಹೇಳಿದ್ದಳಂತೆ. ಸರಿ, ಮಕ್ಕಳನ್ನು ಶಾಲೆ ಬಿಡಿಸಿದ, ವಾದ್ಯ ಕೊಡಿಸಿದ, ದಿನಾ ಅಭ್ಯಾಸಕ್ಕೆ ಕೂರಿಸಿದ. 1969ರಲ್ಲಿ ರೆಕಾರ್ಡು ಮಾಡಿಸಿದ. ಅದರಲ್ಲಿ ಡ್ರಮ್ಮು ಒಂದು ದಾರಿ, ಗಿಟಾರು ಒಂದು ದಾರಿ. ಅಕ್ಕತಂಗಿಯರ ದನಿಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿವೆ, ಜಾತ್ರೆಯಲ್ಲಿ ಕೈ ಹಿಡಿದುಕೊಂಡ ಮಕ್ಕಳಂತೆ. 1980ರಲ್ಲಿ ಅದು ಮತ್ತೆ ಹೊರಬಂದಾಗ, ಯಾವ ಕಟ್ಟುಪಾಡೂ ಇಲ್ಲದ ಸ್ವತಂತ್ರ ಸಂಗೀತ ಎಂದು ಹೊಗಳಿದವರುಂಟು. ಸ್ವತಂತ್ರ! ಅಪ್ಪ 1975ರಲ್ಲಿ ತೀರಿಕೊಂಡ, ತಂಡವೂ ಅಲ್ಲಿಗೇ ನಿಂತಿತು. ಹುಡುಗರು ಅಪ್ಪನ ಕಣ್ಣು ತಪ್ಪಿಸಿ ಕೆಟ್ಟದಾಗಿ ನುಡಿಸಿದರು, ಇವರು ಅಪ್ಪನ ಕಣ್ಣೆದುರಿಗೇ ಕೆಟ್ಟದಾಗಿ ನುಡಿಸಬೇಕಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗಾಗದು.

ಆ ರೆಕಾರ್ಡು ಬಂದ ವರ್ಷವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ವೀಣೆ ಬರುತ್ತೆ" ಎಂದು ಅಪ್ಪ ಮೊದಲೇ ಹೇಳಿಯಾಗಿತ್ತು. ಕಲ್ಯಾಣಿಯಲ್ಲಿ ಒಂದು ದೇವರನಾಮ ನುಡಿಸಿದೆ. ನಡುವೆ ಬೆರಳು ಜಾರಿ ಗಾಂಧಾರ ತಪ್ಪಿತು. ತಲೆ ಎತ್ತಿ ನೋಡಿದರೆ, ಬಂದವರು ಉಪ್ಪಿಟ್ಟಿನ ತಟ್ಟೆ ಹಿಡಿದು ನನ್ನ ಮೈಬಣ್ಣ ನೋಡುತ್ತಿದ್ದರು. ಹಿಂದಿನ ಮನೆಯ ಅಜ್ಜಿಗೆ ಕೇಳಿಸಿಯೇ ಇತ್ತು. ಅವತ್ತು ಅವರೂ ಕೂಗಲಿಲ್ಲ.