ಆನೆ ಸೆರೆ, ಆರೋಪಿ ಸೆರೆ

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಸೆರೆ’ಗೆ ಬಿಡುವೇ ಇಲ್ಲ. ಪುಂಡಾನೆ ಸೆರೆ, ಚಿರತೆ ಸೆರೆ, ಅದರ ಕೆಳಗೇ ಸರಗಳ್ಳನ ಸೆರೆ. ಶೀರ್ಷಿಕೆಗೆ ಜಾಗ ಕಡಿಮೆ, ಎರಡಕ್ಷರದ ಪದ ಅನುಕೂಲ ಎಂಬುದೇನೋ ನಿಜ. ಆದರೆ ಆನೆಯ ಪುಂಡಾಟಕ್ಕೆ ವಿಚಾರಣೆ ನಡೆಯಬೇಕಿಲ್ಲ. ಸರಗಳ್ಳ ಎನಿಸಿಕೊಂಡವನ ಮೇಲಿನ ಆರೋಪಕ್ಕೆ ನಡೆಯಬೇಕು. ಶೀರ್ಷಿಕೆ ಓದಿ ಮುಗಿಯುವಷ್ಟರಲ್ಲಿ ಆತ ಕಳ್ಳನಾಗಿಯೇ ಬಿಟ್ಟಿರುತ್ತಾನೆ.

ಸಾಹಿತ್ಯದವರೂ ಹಿಂದೆ ಬಿದ್ದಿಲ್ಲ. ನಮ್ಮ ಮುನ್ನುಡಿಗಳಲ್ಲಿ ಲೇಖಕರು ಬದುಕನ್ನು ‘ಸೆರೆಹಿಡಿಯುತ್ತಲೇ’ ಇರುತ್ತಾರೆ, ಆಮೇಲೆ ಪುಸ್ತಕ ‘ಬಿಡುಗಡೆ’ಯಾಗುತ್ತದೆ. ವಿಮರ್ಶೆಯಲ್ಲಿ ಭಾಷೆಯೂ ಸೆರೆಮನೆ, ಸಂಸಾರವೂ ಸೆರೆಮನೆ. ಎಲ್ಲವೂ ಸೆರೆಮನೆಯಾದ ಮೇಲೆ ನಿಜವಾದ ಸೆರೆಮನೆಯ ಬಗ್ಗೆ ಬರೆಯಲು ಪದವೇ ಸವೆದಿರುತ್ತದೆ.

ಇದು ಹಳೆಯ ದ್ರಾವಿಡ ಪದ. ಹಳಗನ್ನಡದಲ್ಲಿ ಶಕಟರೇಫವಿದ್ದ ‘ಸೆಱೆ’, ತಮಿಳಿನಲ್ಲಿ ‘ಸಿಱೈ’. ಸಿಕ್ಕಿಬಿದ್ದ ಸ್ಥಿತಿಯನ್ನೂ ಸಿಕ್ಕಿಬಿದ್ದವರನ್ನೂ ಇದೊಂದೇ ಹೇಳುತ್ತಿತ್ತು. ಕಟ್ಟಡವನ್ನು ಹೇಳಬೇಕಾದಾಗ ‘ಮನೆ’ ಸೇರಿಕೊಂಡಿತು. ಗಮನಿಸಬೇಕಾದದ್ದು, ಪದದೊಳಗಿರುವುದು ಹಿಡಿದವರ ಬಲ ಮಾತ್ರ. ಸಿಕ್ಕಿದವರ ತಪ್ಪಿನ ಸುದ್ದಿಯೇ ಅದರಲ್ಲಿಲ್ಲ. ಸೀತೆ ಅಶೋಕವನದಲ್ಲಿ ಸೆರೆಯಲ್ಲಿದ್ದಳು ಎಂದರೆ ಅವಳೇನು ಅಪರಾಧ ಮಾಡಿದ್ದಳು ಎಂದು ಯಾರೂ ಕೇಳುವುದಿಲ್ಲ.

ಹೊರಗಿನಿಂದ ಬಂದ ಪದಗಳ ಗುಣ ಬೇರೆ. ‘ಸಜೆ’ ಎಂದರೆ ಪಾರಸಿಯಲ್ಲಿ ಶಿಕ್ಷೆ ಎಂದಷ್ಟೇ; ನಮ್ಮಲ್ಲಿ ‘ಮೂರು ವರ್ಷ ಸಜೆ’ ಎಂದರೆ ಜೈಲೆಂದು ಬಿಡಿಸಿ ಹೇಳಬೇಕಿಲ್ಲ. ‘ದಸ್ತಗಿರಿ’ ಎಂದರೆ ಕೈ ಹಿಡಿಯುವುದು. ಆಪತ್ತಿನಲ್ಲಿ ಕೈಹಿಡಿಯುವ ಸೂಫಿ ಸಂತನೂ ದಸ್ತಗೀರನೇ, ಆ ಹೆಸರಿನವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಠಾಣೆಯ ಕಡತದಲ್ಲಿ ಮಾತ್ರ ಆ ಕೈ ಬೇರೆ. ಅರಬ್ಬಿ ಮೂಲದ ‘ಕೈದಿ’ಯನ್ನು ‘ಖೈದಿ’ ಮಾಡಿದ ಮಹಾಪ್ರಾಣ ನಮ್ಮದೇ ಕೊಡುಗೆ. ಭಯ ಸಾಲದೆಂದೋ ಏನೋ.

ಯಾರ ಜೈಲಿಗೆ ಯಾವ ಪದ ಎಂಬುದರಲ್ಲೂ ಅಂತಸ್ತಿದೆ. ಸ್ವಾತಂತ್ರ್ಯ ಹೋರಾಟಗಾರರದು ‘ಸೆರೆವಾಸ’. ರಾಜಕಾರಣಿ ಹೋದರೆ ‘ಶ್ರೀಕೃಷ್ಣ ಜನ್ಮಸ್ಥಾನ’. ಮೂದಲಿಕೆಯೇ ಆದರೂ ದೇವರ ನೆರಳಿದೆ. ಉಳಿದವರು ‘ಕಂಬಿ ಎಣಿಸುತ್ತಾರೆ’, ‘ಮುದ್ದೆ ಮುರಿಯುತ್ತಾರೆ’. ಅನ್ನವನ್ನೂ ಬಯ್ಗುಳವಾಗಿಸಿದ ಈ ಕೊನೆಯ ನುಡಿಗಟ್ಟು ನನಗೆ ಎಂದೂ ನಗು ತರಿಸಿಲ್ಲ.

ತೊಡಕಿರುವುದು ಮುಂದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿಯ ಅಪರಾಧ ಸಾಬೀತಾಗಿರಲಿಲ್ಲ. ನಾಲ್ವರಲ್ಲಿ ಮೂವರು. ಇವರಿಗೆ ನಾವು ಕೊಟ್ಟಿರುವುದು ‘ವಿಚಾರಣಾಧೀನ ಕೈದಿ’ ಎಂಬ ಕಚೇರಿಯ ಪದ. ಅದು ಯಾರ ಆಡುಮಾತಿಗೂ ಬಂದಿಲ್ಲ. ಆಡುಮಾತಿನಲ್ಲಿ ಇರುವುದು ‘ಜೈಲಿಗೆ ಹೋಗಿ ಬಂದವನು’. ಜಾಮೀನು ಸಿಕ್ಕರೂ ‘ಬೇಲ್ ಮೇಲೆ ಹೊರಗಿದ್ದಾನೆ’ ಎನ್ನುತ್ತೇವೆ, ಒಳಗಿರುವುದೇ ಅವನ ಸಹಜ ಜಾಗವೇನೋ ಎಂಬಂತೆ.

‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಿಚಾರಣೆಯೇ ಇಲ್ಲದೆ ತಿಂಗಳುಗಟ್ಟಲೆ ಇಟ್ಟಿದ್ದರು. ತೀವ್ರ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ‘ಸೆರೆವಾಸ ಅನುಭವಿಸಿದರು’ ಎಂದು ಬರೆಯುವುದು ನಮಗೆ ರೂಢಿ. ಈ ವಾಕ್ಯದಲ್ಲಿ ಇಟ್ಟವರು ಯಾರೆಂಬುದು ಕಾಣುವುದೇ ಇಲ್ಲ. ‘ಕೈದಿ’ ಎನ್ನೋಣವೆಂದರೆ ಅಪರಾಧದ ವಾಸನೆ ಬರುತ್ತದೆ.

ನನಗೆ ಸರಿಯೆನಿಸುವುದು ‘ಸೆರೆಯಾಳು’. ಅದನ್ನು ಕೇಳಿದೊಡನೆ ಹಿಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ‘ಆಳು’ ಎಂದರೆ ಜೀತದ ನೆನಪಾಗುತ್ತದೆ ಎಂದು ಆಕ್ಷೇಪಿಸಬಹುದು. ಆಗಲಿ. ಆದರೆ ‘ಒತ್ತೆಯಾಳು’ ಎಂದು ದಿನವೂ ಬರೆಯುತ್ತೇವಲ್ಲ, ಆಗ ಯಾರಿಗೂ ಜೀತ ನೆನಪಾಗುವುದಿಲ್ಲ, ಒತ್ತೆಯಿಟ್ಟುಕೊಂಡವರ ಮೇಲೆಯೇ ಸಿಟ್ಟು ಬರುತ್ತದೆ.